ಬಿಟ್ಟುಬಂದ 38 ಪ್ರಶ್ನೆಗಳು

ದ್ವಿತೀಯ ಪಿಯುಸಿ ಕಲಾ ವಿಭಾಗದಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳನ್ನು 2024ರ ದೀಪಾವಳಿಗೆ ಒಂದು ವಾರ ಮುಂಚೆ ಅವಳ ತಂದೆ ನನ್ನಲ್ಲಿಗೆ ಕರೆತಂದರು. ಅವಳನ್ನು ಇಲ್ಲಿ ಭಾರ್ಗವಿ ಎಂದು ಕರೆಯುತ್ತೇನೆ. ಗುರುತು ಹಿಡಿಯಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಅವಳ ಮತ್ತು ತಂದೆಯ ಒಪ್ಪಿಗೆಯಿದೆ. ಮಲೆನಾಡಿನ ಅಡಿಕೆ ಬೆಳೆಗಾರರ ಮನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದ ಓದು. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ ನಡೆಯುವ ಕ್ಲ್ಯಾಟ್ ಪರೀಕ್ಷೆ ಡಿಸೆಂಬರ್ 1ಕ್ಕಿತ್ತು. ಉಳಿದದ್ದು ಐದು ವಾರ.

ತಂದೆ ಮೊದಲು ಮಾತನಾಡಿದರು. "ಮೇಡಂ, ಇವಳು ಓದುವುದಿಲ್ಲ ಎಂದು ನಾನು ಹೇಳುವುದಿಲ್ಲ. ರಾತ್ರಿ ಒಂದು ಗಂಟೆಯವರೆಗೂ ಓದುತ್ತಾಳೆ. ಆದರೂ ಎರಡು ತಿಂಗಳಿಂದ ಅಂಕ ಇದ್ದಲ್ಲೇ ಇದೆ." ಭಾರ್ಗವಿ ಚೀಲದಿಂದ ಒಂದೊಂದಾಗಿ ತೆಗೆದಿಟ್ಟ ಪುಸ್ತಕಗಳೇ ಅವಳ ಆತಂಕವನ್ನು ಹೇಳುತ್ತಿದ್ದವು: ಮೂರು ಪ್ರಕಾಶನಗಳ ಕೈಪಿಡಿಗಳು, ಒಂದು ವರ್ಷದ ಪ್ರಚಲಿತ ವಿದ್ಯಮಾನಗಳ ಮಾಸಿಕಗಳು, ಭಾರತೀಯ ದಂಡಸಂಹಿತೆಯ ಕಲಮುಗಳ ಪಟ್ಟಿ, ಜೊತೆಗೆ ಅದರ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಕಲಮುಗಳ ಇನ್ನೊಂದು ಪಟ್ಟಿ. ಕೊಲೆಗೆ 302 ಇದ್ದದ್ದು 103 ಆಗಿದೆ, ವಂಚನೆಯ 420 ಈಗ 318 ಎಂದು ಅವಳು ಪ್ರತಿರಾತ್ರಿ ಬಾಯಿಪಾಠ ಮಾಡುತ್ತಿದ್ದಳು. ಆದರೆ ಈ ಪರೀಕ್ಷೆಯ ಕಾನೂನು ವಿಭಾಗ ಕಲಮಿನ ಸಂಖ್ಯೆಯನ್ನು ಬಲ್ಲವರನ್ನು ಹುಡುಕುವುದಿಲ್ಲ. ಕೊಟ್ಟ ಗದ್ಯಭಾಗದಲ್ಲಿನ ನಿಯಮವನ್ನು ಕೊಟ್ಟ ಸನ್ನಿವೇಶಕ್ಕೆ ಅನ್ವಯಿಸಬಲ್ಲವರನ್ನು ಹುಡುಕುತ್ತದೆ.

ಪುಸ್ತಕಗಳನ್ನು ಬದಿಗಿಟ್ಟು, ಅವಳು ಬರೆದ ಮಾಕ್ ಟೆಸ್ಟ್‌ಗಳ ಉತ್ತರಪತ್ರಿಕೆಗಳನ್ನು ಕೇಳಿದೆ. ಅವಳಿಗೆ ಆಶ್ಚರ್ಯವಾಯಿತು. ಅಂಕ ನೋಡಿದ ಮೇಲೆ ಅವುಗಳನ್ನು ಅವಳು ಮತ್ತೆ ತೆರೆದಿರಲಿಲ್ಲ. ನೋಡಿದರೆ ಅಳು ಬರುತ್ತದೆ ಎಂದಳು.

ಕೊನೆಯ ಪತ್ರಿಕೆಯನ್ನು ಇಬ್ಬರೂ ಕೂತು ಬಿಡಿಸಿದೆವು. 120 ಪ್ರಶ್ನೆಗೆ 120 ನಿಮಿಷ. ಸರಿಯುತ್ತರಕ್ಕೆ 1 ಅಂಕ, ತಪ್ಪಿಗೆ 0.25 ಕಡಿತ. ಭಾರ್ಗವಿ ಉತ್ತರಿಸಿದ್ದು 82. ಅದರಲ್ಲಿ 66 ಸರಿ, 16 ತಪ್ಪು, ಅಂದರೆ 62 ಅಂಕ. ಉತ್ತರಿಸಿದ್ದರಲ್ಲಿ ಇಷ್ಟು ಸರಿ ಇರುವ ವಿದ್ಯಾರ್ಥಿನಿಗೆ ಓದು ಸಾಲದು ಎಂದು ಹೇಳುವುದು ಅನ್ಯಾಯ. ಅವಳ ಅಂಕಗಳು ಉಳಿದುಹೋಗಿದ್ದದ್ದು ಬಿಟ್ಟುಬಂದ 38 ಪ್ರಶ್ನೆಗಳಲ್ಲಿ. ಗಣಿತದ 12ಕ್ಕೆ 12, ತರ್ಕದ 24ರಲ್ಲಿ 17, ಇವನ್ನು ಅವಳು ಓದಿಯೇ ಇರಲಿಲ್ಲ. ಇನ್ನುಳಿದ 9 ಅಲ್ಲಲ್ಲಿ ಹೆದರಿ ಬಿಟ್ಟವು.

ಓದದಿರಲು ಕಾರಣವಿತ್ತು. ಪತ್ರಿಕೆಯಲ್ಲಿ ಇಂಗ್ಲಿಷ್ ಮೊದಲಿತ್ತು, ಅವಳೂ ಅಲ್ಲಿಂದಲೇ ಆರಂಭಿಸಿದ್ದಳು, ಮತ್ತು ಆ 24 ಪ್ರಶ್ನೆಗಳಿಗೆ 40 ನಿಮಿಷ ಹೋಗಿತ್ತು. ಒಂದು ಗದ್ಯಭಾಗವನ್ನು ನನ್ನೆದುರು ಓದಲು ಹೇಳಿದೆ. ಪ್ರತಿ ವಾಕ್ಯವನ್ನು ಒಮ್ಮೆ ಇಂಗ್ಲಿಷಿನಲ್ಲಿ ಓದಿ, ಮನಸ್ಸಿನಲ್ಲೇ ಕನ್ನಡಕ್ಕೆ ತಂದುಕೊಂಡು, ಮತ್ತೊಮ್ಮೆ ಇಂಗ್ಲಿಷಿನಲ್ಲಿ ಓದುತ್ತಿದ್ದಳು. "ಇದು ನನ್ನ ದಡ್ಡತನ, ಮೇಡಂ" ಎಂದಳು. ಅಲ್ಲವೆಂದು ನಾನು ಸ್ಪಷ್ಟವಾಗಿ ಹೇಳಿದೆ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಲ್ಲಿ ಈ ಓದಿನ ಕ್ರಮವನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅವರಿಗೆ ಅರ್ಥವಾಗುವುದು ನಿಧಾನ, ಆದರೆ ಅರ್ಥವಾದದ್ದು ಗಟ್ಟಿ. ಐದು ವಾರದಲ್ಲಿ ಓದುವ ವೇಗ ಇಮ್ಮಡಿಯಾಗುತ್ತದೆ ಎಂದು ಭರವಸೆ ಕೊಡುವುದು ಸುಳ್ಳಾಗುತ್ತಿತ್ತು. ಹಾಗಾಗಿ ವೇಗವನ್ನು ಬದಲಿಸುವುದಕ್ಕಿಂತ, ಇರುವ ವೇಗಕ್ಕೆ ಪತ್ರಿಕೆಯನ್ನು ಹೊಂದಿಸಿಕೊಳ್ಳುವುದು ನಮ್ಮ ಕೆಲಸವಾಯಿತು.

ನಾವು ಕ್ರಮ ಬದಲಿಸಿದೆವು. ಮೊದಲು ಪ್ರಚಲಿತ ವಿದ್ಯಮಾನ, 15 ನಿಮಿಷ. ಅಲ್ಲಿ ಉತ್ತರ ಗೊತ್ತಿರುತ್ತದೆ ಇಲ್ಲವೇ ಗೊತ್ತಿರುವುದಿಲ್ಲ, ಗದ್ಯವನ್ನು ಎರಡು ಬಾರಿ ಓದಿದರೆ ಬರುವುದು ಕಡಿಮೆ. ಅನಂತರ ಕಾನೂನು, 35. ಮೂರನೆಯದಾಗಿ ಗಣಿತ, 12. ಶೇಕಡಾ, ಅನುಪಾತ, ಸರಾಸರಿ, ನಕ್ಷೆಗಳನ್ನು ಓದುವುದು, ಎಲ್ಲವೂ ಅವಳು ಹತ್ತನೆಯ ತರಗತಿಯಲ್ಲಿ ಮಾಡಿದ್ದ ಲೆಕ್ಕಗಳೇ. ಆಮೇಲೆ ತರ್ಕ 25, ಇಂಗ್ಲಿಷ್ 28. ಉಳಿದ 5 ನಿಮಿಷ ಓಎಂಆರ್ ಹಾಳೆಯನ್ನು ಸರಿನೋಡಲು. ಈ ಹಂಚಿಕೆ ಭಾರ್ಗವಿಗೆ ಹೊಂದುವಂತೆ ಮಾಡಿದ್ದು. ಬೇರೆಯವರು ಇದನ್ನೇ ನಕಲು ಮಾಡಬಾರದೆಂದು ಕೇಳಿಕೊಳ್ಳುತ್ತೇನೆ.

ಹೆದರಿ ಬಿಟ್ಟ 9 ಪ್ರಶ್ನೆಗಳ ವಿಷಯದಲ್ಲಿ ಮಾತ್ರ ನಾವು ಬಹಳ ಹೊತ್ತು ಕೂತೆವು. "ಗೊತ್ತಿಲ್ಲದಿದ್ದರೆ ಮುಟ್ಟಬೇಡ" ಎಂದು ಯಾರೋ ಹೇಳಿದ್ದನ್ನು ಅವಳು ಅಕ್ಷರಶಃ ಪಾಲಿಸುತ್ತಿದ್ದಳು. ಆದರೆ ಆ ಒಂಬತ್ತರಲ್ಲಿ ಹೆಚ್ಚಿನವುಗಳಲ್ಲಿ ನಾಲ್ಕು ಆಯ್ಕೆಗಳ ಪೈಕಿ ಎರಡನ್ನು ಅವಳೇ ಪೆನ್ಸಿಲಿನಿಂದ ಹೊಡೆದುಹಾಕಿದ್ದಳು. ನಾನು ಲೆಕ್ಕ ಹಾಕಿ ತೋರಿಸಿದೆ: ಎರಡೇ ಆಯ್ಕೆ ಉಳಿದಿರುವ ಇಂಥ ನಾಲ್ಕು ಪ್ರಶ್ನೆಗಳಿಗೆ ಉತ್ತರಿಸಿ, ಎರಡು ಸರಿಯಾಗಿ ಎರಡು ತಪ್ಪಾದರೂ 2 ಅಂಕ ಬಂದು 0.5 ಹೋಗುತ್ತದೆ; ಕೈಯಲ್ಲಿ 1.5 ಉಳಿಯುತ್ತದೆ. ಅವಳು ಆ ಕಾಗದವನ್ನು ಬಹಳ ಹೊತ್ತು ನೋಡಿ, ಮಡಚಿ ಇಟ್ಟುಕೊಂಡಳು. ಅಂದಿನಿಂದ ಎರಡು ಆಯ್ಕೆ ಹೊಡೆದುಹಾಕಿದ ಪ್ರಶ್ನೆಯನ್ನು ಬಿಡಬಾರದು ಎಂಬ ಒಂದೇ ನಿಯಮ ಮಾಡಿಕೊಂಡೆವು.

ತಪ್ಪಾದ 16ನ್ನು ವಿಂಗಡಿಸಿದಾಗ 5 ನಿಜವಾಗಿ ಗೊತ್ತಿಲ್ಲದ ಪ್ರಚಲಿತ ವಿದ್ಯಮಾನ, 4 "ಯಾವುದು ಸರಿಯಲ್ಲ" ಎಂಬ ಪ್ರಶ್ನೆಯನ್ನು "ಯಾವುದು ಸರಿ" ಎಂದು ಓದಿಕೊಂಡದ್ದು. ಉಳಿದ 7 ಕಾನೂನು ವಿಭಾಗದವು, ಮತ್ತು ಅವು ಅವಳ ಓದಿನಿಂದಲೇ ಬಂದ ತಪ್ಪುಗಳು. ಒಂದು ಪ್ರಶ್ನೆಯಲ್ಲಿ, ಅಪ್ರಾಪ್ತ ವಯಸ್ಕನಿಗೆ ಜೀವನಾವಶ್ಯಕ ವಸ್ತುಗಳನ್ನು ಒದಗಿಸಿದವನು ಆ ಬೆಲೆಯನ್ನು ಅಪ್ರಾಪ್ತನ ಆಸ್ತಿಯಿಂದ ಪಡೆಯಬಹುದು ಎಂಬ ನಿಯಮವನ್ನು ಗದ್ಯವೇ ಕೊಟ್ಟಿತ್ತು. 1872ರ ಭಾರತೀಯ ಕರಾರು ಅಧಿನಿಯಮದ 68ನೆಯ ಕಲಮಿನಲ್ಲಿರುವ ನಿಯಮವದು. ಭಾರ್ಗವಿಯ ನೆನಪಿನಲ್ಲಿದ್ದದ್ದು ಮೋಹರಿ ಬೀಬಿ ಪ್ರಕರಣ, ಅಂದರೆ ಅಪ್ರಾಪ್ತರ ಕರಾರು ಶೂನ್ಯ, ಕಾನೂನಿನ ದೃಷ್ಟಿಯಲ್ಲಿ ಇಲ್ಲದಂತೆಯೇ, ಎಂದು ಬ್ರಿಟಿಷ್ ಕಾಲದ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ 1903ರಲ್ಲಿ ಹೇಳಿದ ತೀರ್ಪು. ಆದ್ದರಿಂದ ಅಂಗಡಿಯವನಿಗೆ ಏನೂ ಸಿಗದು ಎಂದು ಗುರುತು ಹಾಕಿದ್ದಳು. ಅವಳ ತಿಳಿವಳಿಕೆ ಸುಳ್ಳಲ್ಲ. ಎದುರಿಗಿದ್ದ ಗದ್ಯ ಹೇಳಿದ್ದನ್ನು ಅದು ಕೇಳಿಸಿಕೊಳ್ಳಲು ಬಿಡಲಿಲ್ಲ. ಕಾನೂನಿನ ಕೈಪಿಡಿಗಳನ್ನು ಪರೀಕ್ಷೆಯವರೆಗೆ ಮುಚ್ಚಿಡಲು ಹೇಳಿದೆ. ಉತ್ತರಕ್ಕೆ ಆಧಾರವಾದ ಸಾಲಿಗೆ ಗದ್ಯದಲ್ಲಿ ಅಡಿಗೆರೆ ಎಳೆಯದೆ ಯಾವ ಆಯ್ಕೆಯನ್ನೂ ಗುರುತಿಸಬಾರದು ಎಂದೂ ಹೇಳಿದೆ.

ಪುನರಾವರ್ತನೆಯ ಯೋಜನೆ ಇಲ್ಲಿಂದ ತಾನಾಗಿಯೇ ರೂಪುಗೊಂಡಿತು. ಶನಿವಾರ ಮತ್ತು ಭಾನುವಾರ ಮಧ್ಯಾಹ್ನ 2ರಿಂದ 4ರವರೆಗೆ, ಪರೀಕ್ಷೆಯ ಹೊತ್ತಿನಲ್ಲೇ, ಒಂದೊಂದು ಮಾಕ್ ಟೆಸ್ಟ್. ಅದನ್ನು ಬಿಡಿಸಿ ನೋಡಲು ಬರೆದದ್ದಕ್ಕಿಂತ ಹೆಚ್ಚು ಸಮಯ, ಅಂದರೆ ಸುಮಾರು ಮೂರು ಗಂಟೆ. ಒಂದು ನೋಟ್‌ಪುಸ್ತಕದಲ್ಲಿ ತಪ್ಪಿದ ಪ್ರಶ್ನೆ, ತಪ್ಪಿದ ಕಾರಣ, ಮುಂದಿನ ಸಲ ಮಾಡಬೇಕಾದದ್ದು. ಪ್ರಚಲಿತ ವಿದ್ಯಮಾನಕ್ಕೆ ಹೊಸ ಮಾಸಿಕ ಬೇಡ, ತಾನೇ ಬರೆದುಕೊಂಡ ಟಿಪ್ಪಣಿ ಸಾಕು. ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯವನ್ನು ಹಿಂದಿರುಗಿ ನೋಡದೆ ಓದಿ, ಕೊನೆಗೆ ಅದರ ಸಾರವನ್ನು ಕನ್ನಡದಲ್ಲೇ ಎರಡು ವಾಕ್ಯದಲ್ಲಿ ಬರೆಯುವುದು. ಕೊನೆಯ ಮೂರು ದಿನ ಮಾಕ್ ಟೆಸ್ಟ್ ಇಲ್ಲ.

ನನ್ನಿಂದ ಒಂದು ತಪ್ಪಾಯಿತು. ಮೊದಲ ವೇಳಾಪಟ್ಟಿಯಲ್ಲಿ ಓದನ್ನೆಲ್ಲ ಸಂಜೆ 7ರ ನಂತರಕ್ಕೆ ಇಟ್ಟಿದ್ದೆ. ಅಡಿಕೆ ಕೊಯ್ಲಿನ ಕಾಲದಲ್ಲಿ ಮಲೆನಾಡಿನ ಮನೆಗಳಲ್ಲಿ ಸುಲಿತ ರಾತ್ರಿಯವರೆಗೂ ನಡೆಯುತ್ತದೆ, ಅಂಗಳದ ತುಂಬ ಜನರಿರುತ್ತಾರೆ, ಮನೆಮಗಳು ಒಳಗೆ ಪುಸ್ತಕ ಹಿಡಿದು ಕೂರುವುದು ಸುಲಭವಲ್ಲ ಎಂಬುದನ್ನು ನಾನು ಕೇಳಿ ತಿಳಿಯಬೇಕಿತ್ತು. ಒಂದು ವಾರದ ನಂತರ ಅವಳು ಮೂರು ದಿನದ ಓದು ಬಾಕಿ ಇಟ್ಟುಕೊಂಡು, ತನ್ನನ್ನೇ ಬೈದುಕೊಳ್ಳುತ್ತ ಬಂದಾಗ ವಿಷಯ ತಿಳಿಯಿತು. ಓದನ್ನು ಬೆಳಗಿನ ನಾಲ್ಕೂವರೆಯಿಂದ ಏಳಕ್ಕೆ ಬದಲಿಸಿ, ಬಾಕಿಯನ್ನು ಪೂರ್ತಿ ಬಿಟ್ಟುಬಿಡಲು ಹೇಳಿದೆ. ರಾತ್ರಿ ಒಂಬತ್ತೂವರೆಗೆ ಮಲಗಲೇಬೇಕು ಎಂಬುದನ್ನು ತಂದೆಯ ಎದುರಲ್ಲೇ ನಿಶ್ಚಯಿಸಿದೆವು. ಸುಲಿತಕ್ಕೆ ಬೇರೆ ಆಳನ್ನು ನೋಡಿಕೊಳ್ಳುತ್ತೇನೆ ಎಂದು ಅವರು ತಾವಾಗಿಯೇ ಹೇಳಿದರು.

ತಂದೆಗೆ ಬೆಂಗಳೂರಿನ ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲ್ ಒಂದೇ ಕಣ್ಣಮುಂದಿತ್ತು. ಕರ್ನಾಟಕದ ವಿದ್ಯಾರ್ಥಿಗಳಿಗೆ ಅಲ್ಲಿ ಶೇಕಡಾ 25ರ ಮೀಸಲಾತಿ ಇರುವುದೂ ಅವರಿಗೆ ಗೊತ್ತಿತ್ತು. ಮಗಳೆದುರು ಆ ಒಂದೇ ಹೆಸರನ್ನು ದಿನವೂ ಹೇಳಬಾರದೆಂದು ಕೇಳಿಕೊಂಡೆ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯ ಐದು ವರ್ಷದ ಕೋರ್ಸುಗಳಿವೆ, ಕ್ಲ್ಯಾಟ್‌ಗೆ ಗರಿಷ್ಠ ವಯೋಮಿತಿ ಇಲ್ಲದಿರುವುದರಿಂದ ಮುಂದಿನ ವರ್ಷವೂ ಬರೆಯಬಹುದು ಎಂದು ಇಬ್ಬರಿಗೂ ವಿವರಿಸಿದೆ. ಪ್ರವೇಶಕ್ಕೆ ದ್ವಿತೀಯ ಪಿಯುಸಿಯ ಅಂಕವೂ ಬೇಕಿರುವುದರಿಂದ ಡಿಸೆಂಬರ್ 2ರಿಂದಲೇ ಕಾಲೇಜಿನ ಪಾಠಕ್ಕೆ ಮರಳಬೇಕೆಂದು ಬರೆಯಿಸಿಕೊಂಡೆ.

ಕೊನೆಯ ಮಾಕ್ ಟೆಸ್ಟ್‌ನಲ್ಲಿ ಅವಳು ಬಿಟ್ಟ ಪ್ರಶ್ನೆಗಳು 11. ಗಣಿತದಲ್ಲಿ ಒಂದನ್ನೂ ಬಿಟ್ಟಿರಲಿಲ್ಲ. ಪರೀಕ್ಷೆಯ ಮರುದಿನ ಫೋನ್ ಮಾಡಿ, ಅಂದುಕೊಂಡ ಕ್ರಮದಲ್ಲೇ ಬರೆದೆ, ಇಂಗ್ಲಿಷಿನ ಕೊನೆಯ ಗದ್ಯಕ್ಕೆ ಸಮಯ ಸಾಲಲಿಲ್ಲ ಎಂದಳು. ಆ ವರ್ಷದ ಕೆಲವು ಉತ್ತರಗಳ ವಿವಾದ ನ್ಯಾಯಾಲಯಕ್ಕೆ ಹೋಗಿ, 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಡುವವರೆಗೆ ಪದವಿ ಪ್ರವೇಶದ ಸೀಟು ಹಂಚಿಕೆ ತಡೆದು ನಿಂತಿತ್ತು. ಅಷ್ಟರಲ್ಲಿ ಭಾರ್ಗವಿ ಮಾರ್ಚ್‌ನ ಪಿಯುಸಿ ಪರೀಕ್ಷೆಯನ್ನು ಬರೆದು ಮುಗಿಸಿದ್ದಳು.