ಅಣ್ಣನ ಮೆದುಳಿನ ಗಡ್ಡೆ ‘ಗ್ರೇಡ್ 2’ ಅಂತೆ, ಎಷ್ಟು ವರ್ಷ ಅಂತ ಹೇಳೋಕಾಗುತ್ತಾ?

ನಿಮ್ಮಣ್ಣನಿಗೆ 38, ತೀರ್ಥಹಳ್ಳಿಯವರು, ಫಿಟ್ಸ್ ಬಂದ ಮೇಲೆ ಗಡ್ಡೆ ಕಂಡಿತು, ಬೆಂಗಳೂರಿನಲ್ಲಿ ಆಪರೇಷನ್ ಆಯ್ತು, ರಿಪೋರ್ಟಿನಲ್ಲಿ ‘ಆಸ್ಟ್ರೋಸೈಟೋಮಾ, ಗ್ರೇಡ್ 2’ ಅಂತಷ್ಟೇ ಇದೆ ಅಂದಿದ್ದೀರಿ. ಆಸ್ಟ್ರೋಸೈಟೋಮಾ ಅಂದರೆ ಮೆದುಳಿನ ಆಸರೆ ಕೋಶಗಳ ಗಡ್ಡೆ, ಗ್ರೇಡ್ 2 ಅಂದರೆ ನಿಧಾನವಾಗಿ ಬೆಳೆಯುವ ಬಗೆ. ಇಷ್ಟನ್ನೇ ನೋಡಿ ಯಾರಾದರೂ ವರ್ಷ ಹೇಳಿದರೆ ನಂಬಬೇಡಿ.

ಮೊದಲು ಬೇಕಾದದ್ದು ಐಡಿಎಚ್ ಪರೀಕ್ಷೆ, ಅಂದರೆ ಗಡ್ಡೆಯಲ್ಲಿ ಐಡಿಎಚ್ ಅನ್ನೋ ಜೀನ್ ಬದಲಾಗಿದೆಯೇ ಅಂತ ನೋಡುವುದು. 2021ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಈ ಗಡ್ಡೆಗಳಿಗೆ ಹೆಸರಿಡುವುದೇ ಜೀನ್ ನೋಡಿ. ಐಡಿಎಚ್ ಜೀನ್ ಬದಲಾಗಿದ್ದು, ಜೊತೆಗೆ 1ಪಿ ಮತ್ತು 19ಕ್ಯೂ ಎರಡೂ ಕ್ರೋಮೋಸೋಮ್ ತುಂಡು ಕಳೆದುಹೋಗಿದ್ದರೆ ಅದು ಆಲಿಗೋಡೆಂಡ್ರೋಗ್ಲಿಯೋಮಾ ಅನ್ನೋ ಬೇರೆ ಬಗೆಯ ಗಡ್ಡೆ. ಔಷಧಕ್ಕೆ ಚೆನ್ನಾಗಿ ಬಗ್ಗುತ್ತೆ, ಆಯಸ್ಸೂ ಹೆಚ್ಚು. ಐಡಿಎಚ್ ಮಾತ್ರ ಬದಲಾಗಿದ್ದರೆ ಆಸ್ಟ್ರೋಸೈಟೋಮಾ, ನಡುವಿನದು. ಐಡಿಎಚ್ ಬದಲಾಗದೆ ಟರ್ಟ್ ಅಥವಾ ಇಜಿಎಫ್‌ಆರ್ ಅನ್ನೋ ಜೀನ್‌ಗಳಲ್ಲಿ ದೋಷ ಸಿಕ್ಕರೆ, ಮೈಕ್ರೋಸ್ಕೋಪಿನಲ್ಲಿ ಎಷ್ಟೇ ಸಾಧುವಾಗಿ ಕಂಡರೂ ಅದನ್ನು ಗ್ಲಿಯೋಬ್ಲಾಸ್ಟೋಮಾ, ಅಂದರೆ ತುಂಬಾ ವೇಗವಾಗಿ ಬೆಳೆಯುವ ಗಡ್ಡೆ, ಅಂತಲೇ ಹಿಡಿಯುತ್ತಾರೆ. ಗಡ್ಡೆಯ ತುಣುಕಿಗೆ ಬಣ್ಣ ಹಾಕಿ ಸಾಮಾನ್ಯವಾಗಿ ಮಾಡುವ ಪರೀಕ್ಷೆ ಐಡಿಎಚ್ ಬದಲಾವಣೆಗಳಲ್ಲಿ ಹತ್ತಕ್ಕೆ ಒಂಬತ್ತನ್ನು ಹಿಡಿಯುತ್ತೆ. ಹಾಗಾಗಿ ‘ನೆಗೆಟಿವ್’ ಬಂದರೆ ಜೀನ್ ಸೀಕ್ವೆನ್ಸಿಂಗ್ ಕೇಳಿ. ಇದಕ್ಕೆ ಮತ್ತೆ ತಲೆ ತೆರೆಯಬೇಕಿಲ್ಲ. ಗಡ್ಡೆಯ ತುಣುಕು ಇರುವ ಮೇಣದ ಬ್ಲಾಕ್ ಆಸ್ಪತ್ರೆಯ ಲ್ಯಾಬಿನಲ್ಲೇ ಇರುತ್ತೆ, ಅರ್ಜಿ ಕೊಟ್ಟರೆ ಸಿಗುತ್ತೆ. ತರುವಾಗ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ.

ಯುರೋಪಿನ ಹಳೆಯ ಲೆಕ್ಕವೊಂದಿದೆ, ಅದರಲ್ಲಿ ಐದು ಅಪಾಯದ ಅಂಶ ಎಣಿಸುತ್ತಾರೆ: ವಯಸ್ಸು 40 ಅಥವಾ ಮೇಲೆ, ಆಸ್ಟ್ರೋಸೈಟೋಮಾ, 6 ಸೆಂ.ಮೀ. ಅಥವಾ ದೊಡ್ಡ ಗಡ್ಡೆ, ಮೆದುಳಿನ ನಡುಗೆರೆ ದಾಟಿರುವುದು, ಆಪರೇಷನ್ನಿಗೆ ಮೊದಲೇ ಕೈಕಾಲು ಸೋಲು ಅಥವಾ ಮಾತಿನ ತೊಂದರೆ. ಇವುಗಳಲ್ಲಿ ಎರಡರವರೆಗೆ ಇದ್ದವರಲ್ಲಿ ಅರ್ಧದಷ್ಟು ಜನ 7.7 ವರ್ಷ ದಾಟಿದ್ದರು. ಮೂರು ಅಥವಾ ಹೆಚ್ಚು ಇದ್ದವರಲ್ಲಿ 3.2. ಇದು ಜೀನ್ ಪರೀಕ್ಷೆ ಬರುವ ಮುಂಚಿನದು, ಈ ಅಂಕಿ ನೋಡಿ ಎದೆಗುಂದಬೇಡಿ. ಬರೀ ಫಿಟ್ಸ್‌ನಿಂದ ಪತ್ತೆಯಾಗಿದ್ದು ಒಳ್ಳೆಯ ಲಕ್ಷಣವೇ.

ಇನ್ನೊಂದು, ಎಷ್ಟು ಗಡ್ಡೆ ಉಳಿದಿದೆ ಅನ್ನೋದು. ‘ಪೂರ್ತಿ ತೆಗೆದಿದ್ದೇವೆ’ ಅನ್ನೋ ಮಾತಿಗಿಂತ ಆಪರೇಷನ್ ಆಗಿ ಎರಡು-ಮೂರು ದಿನದೊಳಗಿನ ಎಂಆರ್‌ಐ ಮುಖ್ಯ. ಮಾತಿನ ಭಾಗದ ಪಕ್ಕದಲ್ಲಿದ್ದರೆ ಬೇಕೆಂದೇ ಸ್ವಲ್ಪ ಬಿಡುತ್ತಾರೆ, ಅದು ಸರಿಯೇ. ಉಳಿದಿದ್ದರೆ, ಅಥವಾ 40 ದಾಟಿದ್ದರೆ, ರೇಡಿಯೇಷನ್ ಜೊತೆ ಕೀಮೋ ಬೇಕಾಗಬಹುದು. 2016ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಬರೀ ರೇಡಿಯೇಷನ್ ಪಡೆದವರ ನಡುಮಟ್ಟದ ಆಯಸ್ಸು 7.8 ವರ್ಷ, ಪಿಸಿವಿ ಅನ್ನೋ ಮೂರು ಔಷಧಗಳ ಕೀಮೋ ಸೇರಿಸಿದಾಗ 13.3. 40ರ ಒಳಗಿದ್ದು ಗಡ್ಡೆ ಪೂರ್ತಿ ಹೋಗಿದ್ದರೆ ಕಾದು ನೋಡುವುದನ್ನೂ ಡಾಕ್ಟರ್ ಹೇಳಬಹುದು. ರೇಡಿಯೇಷನ್ ಮುಂದೂಡಿದ್ದಕ್ಕೆ ಆಯಸ್ಸು ಕಡಿಮೆಯಾಗಿಲ್ಲ ಅಂತ ಯುರೋಪಿನ ಅಧ್ಯಯನ ತೋರಿಸಿದೆ.

ಆದರೆ ಕಾಯುವುದು ಅಂದರೆ ಮೂರರಿಂದ ಆರು ತಿಂಗಳಿಗೊಮ್ಮೆ ಎಂಆರ್‌ಐ. ಒಮ್ಮೆ ಶಿವಮೊಗ್ಗ, ಒಮ್ಮೆ ಮಣಿಪಾಲ ಅಂತ ಜಾಗ ಬದಲಿಸಬೇಡಿ. ಈ ಗಡ್ಡೆ ವರ್ಷಕ್ಕೆ ಸುಮಾರು 4 ಮಿ.ಮೀ. ಬೆಳೆಯುತ್ತೆ, ಹಿಂದಿನ ಒಂದೇ ಸ್ಕ್ಯಾನಿಗೆ ಹೋಲಿಸಿದರೆ ‘ಬದಲಾವಣೆ ಇಲ್ಲ’ ಅಂತಲೇ ಬರುತ್ತಿರುತ್ತೆ. ಎಲ್ಲ ಸಿಡಿ ಜೋಪಾನ ಮಾಡಿ, ಆಪರೇಷನ್ ನಂತರದ ಮೊದಲ ಸ್ಕ್ಯಾನಿಗೂ ಹೋಲಿಸಿ ಅಂತ ಪ್ರತಿ ಸಲ ಕೇಳಿ.

ಫಿಟ್ಸ್ ಮಾತ್ರೆ ಒಂದು ಹೊತ್ತೂ ತಪ್ಪಿಸಬಾರದು. ಸದ್ಯಕ್ಕೆ ಅಡಿಕೆ ಮರ ಹತ್ತುವುದು, ಬೈಕು, ಒಬ್ಬರೇ ತುಂಗೆಗೆ ಇಳಿಯುವುದು ಬೇಡ.