ವಿಮರ್ಶಕರು ತಳ್ಳಿಹಾಕಿದ ‘ದಿ ಗ್ರೇಟೆಸ್ಟ್ ಶೋಮನ್’ ನನಗೆ ಬಹಳ ಇಷ್ಟ. ಸ್ನೇಹಿತರ ಎದುರು ಅದನ್ನು ಸಮರ್ಥಿಸಿಕೊಳ್ಳುವುದು ಹೇಗೆ?

ಸಮರ್ಥಿಸಿಕೊಳ್ಳುವ ಗೋಜಿಗೇ ಹೋಗಬೇಡಿ ಎನ್ನುವುದು ನನ್ನ ಉತ್ತರ. ಇದೇ ಚಿತ್ರದ ಪರವಾಗಿ ವಾದಕ್ಕಿಳಿದು ಬಹಳ ಕಾಲದ ಸ್ನೇಹವೊಂದನ್ನು ಕೆಡಿಸಿಕೊಂಡವನು ನಾನು. ಆದ್ದರಿಂದ ಸಾಧಕ ಬಾಧಕಗಳನ್ನು ತೂಗಿ ನೋಡುವ ತಾಳ್ಮೆ ನನಗಿಲ್ಲ, ನಡೆದದ್ದನ್ನು ಹೇಳಿಬಿಡುತ್ತೇನೆ.

2017ರ ಡಿಸೆಂಬರ್‌ನಲ್ಲಿ ತೆರೆಕಂಡ ಈ ಹಾಲಿವುಡ್ ಸಂಗೀತಮಯ ಚಿತ್ರವನ್ನು ನಾನು ವಿಮರ್ಶೆಗಳನ್ನು ಓದಿದ ಮೇಲೆಯೇ ನೋಡಿದ್ದು. ಕಥೆ ತೆಳುವಾಗಿದೆ, ಪಾತ್ರಗಳು ಬೆಳೆಯುವುದಿಲ್ಲ, ಹತ್ತೊಂಬತ್ತನೆಯ ಶತಮಾನದ ನ್ಯೂಯಾರ್ಕಿಗೆ ಇಂದಿನ ಪಾಪ್ ಸಂಗೀತ ಒಪ್ಪುವುದಿಲ್ಲ, ಪಿ. ಟಿ. ಬಾರ್ನಮ್ ಎಂಬ ಪ್ರದರ್ಶನ ವ್ಯಾಪಾರಿಯ ಬದುಕಿನ ಕೊಳೆಯನ್ನೆಲ್ಲ ತೊಳೆದು ಅವನನ್ನು ಕರುಣಾಳುವನ್ನಾಗಿ ಮಾಡಲಾಗಿದೆ ಎಂಬ ದೂರುಗಳೆಲ್ಲ ನನಗೆ ಮೊದಲೇ ಗೊತ್ತಿದ್ದವು. ಆದರೂ ‘ಎ ಮಿಲಿಯನ್ ಡ್ರೀಮ್ಸ್’ ಹಾಡು ಬಂದಾಗ ನನ್ನ ಬಿಗುಮಾನವೆಲ್ಲ ಸಡಿಲವಾಯಿತು. ದರ್ಜಿಯ ಮಗನಾದ ಬಾಲಕ ಬಾರ್ನಮ್ ಆರಂಭಿಸಿದ ಹಾಡನ್ನು ಬೆಳೆದು ನಿಂತ ಬಾರ್ನಮ್ ಆಗಿ ಹ್ಯೂ ಜಾಕ್‌ಮನ್ ಮುಂದುವರಿಸುತ್ತಾರೆ. ಬಾಲ್ಯ, ಅಗಲಿಕೆ, ಪುನರ್ಮಿಲನ, ಸಂಸಾರ ಎಲ್ಲವೂ ಆ ಒಂದು ಹಾಡಿನ ಅವಧಿಯಲ್ಲಿ ಸಾಗಿಹೋಗುತ್ತವೆ. ಹಾಡುಗಳನ್ನು ಬರೆದ ಬೆಂಜ್ ಪಾಸೆಕ್ ಮತ್ತು ಜಸ್ಟಿನ್ ಪಾಲ್ ಅವರಿಗೆ, ಮೊದಲ ಬಾರಿ ಪೂರ್ಣ ಪ್ರಮಾಣದ ಚಿತ್ರ ನಿರ್ದೇಶಿಸುತ್ತಿದ್ದ ಮೈಕೆಲ್ ಗ್ರೇಸಿ ಅವರಿಗೆ, ಕಾಲವನ್ನು ಹೀಗೆ ಮಡಚಿಡುವ ವಿದ್ಯೆ ಚೆನ್ನಾಗಿ ತಿಳಿದಿತ್ತು. ನಾನು ಇಷ್ಟನ್ನೇ ಸ್ನೇಹಿತರಿಗೆ ಹೇಳಿ ಸುಮ್ಮನಾಗಿದ್ದರೆ ಇಂದು ಈ ಉತ್ತರ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಸಿನಿಮಾ ಕುರಿತು ಪತ್ರಮುಖೇನ ಚರ್ಚಿಸುತ್ತಿದ್ದ ನಮ್ಮದೊಂದು ಸಣ್ಣ ಗೆಳೆಯರ ಬಳಗವಿತ್ತು. ಅವರಲ್ಲಿ ಇತಿಹಾಸದ ಅಧ್ಯಾಪಕರೊಬ್ಬರು ಈ ಚಿತ್ರವನ್ನು ‘ಸುಂದರವಾದ ಸುಳ್ಳು’ ಎಂದು ಕರೆದರು. ಅದರಲ್ಲಿ ‘ಸುಂದರ’ ಎಂಬ ಮಾತೂ ಇತ್ತು ಎಂಬುದು ಆಗ ನನ್ನ ಕಿವಿಗೆ ಬೀಳಲೇ ಇಲ್ಲ. ಸಮಾಜ ಹೊರಗಿಟ್ಟವರಿಗೆ ಬಾರ್ನಮ್ ಅನ್ನವನ್ನೂ ವೇದಿಕೆಯನ್ನೂ ಗೌರವವನ್ನೂ ಕೊಟ್ಟನೆಂದು ವಾದಿಸುವ ದೀರ್ಘ ಪತ್ರವೊಂದನ್ನು ಬರೆದೆ. ಅದಕ್ಕೆ ಅವರು ಕೊಟ್ಟದ್ದು ಚಿಕ್ಕ ಉತ್ತರ. ಬಾರ್ನಮ್‌ನ ಪ್ರದರ್ಶನ ವೃತ್ತಿ ಆರಂಭವಾದದ್ದು 1835ರಲ್ಲಿ, ಜಾಯ್ಸ್ ಹೆತ್ ಎಂಬ ಗುಲಾಮ ವೃದ್ಧೆಯಿಂದ. ಕಣ್ಣು ಕಾಣದ, ಕೈಕಾಲು ಆಡದ ಆ ಕಪ್ಪು ಮಹಿಳೆಯನ್ನು ಜಾರ್ಜ್ ವಾಷಿಂಗ್ಟನ್‌ರ ದಾದಿ, ವಯಸ್ಸು 161 ಎಂದು ಸಾರಿ ಅವನು ಹಣ ಮಾಡಿದ. ಮರುವರ್ಷ ಆಕೆ ತೀರಿಕೊಂಡಾಗ ಶವಪರೀಕ್ಷೆಯನ್ನೂ ಟಿಕೆಟ್ ಇಟ್ಟು ಜನರಿಗೆ ತೋರಿಸಿದ. ಚಿತ್ರದಲ್ಲಿ ಆಕೆಯ ಸುಳಿವೇ ಇಲ್ಲ.

ನನ್ನ ತಪ್ಪು ಇದನ್ನು ತಿಳಿಯದಿದ್ದುದಲ್ಲ. ತಿಳಿದ ಮೇಲೆ ನಾನು ಬರೆದದ್ದು ತಪ್ಪು. ‘ಆ ಕಾಲವೇ ಹಾಗಿತ್ತು, ಇಂದಿನ ಅಳತೆಗೋಲು ಹಿಡಿಯಬಾರದು’ ಎಂದು ಉತ್ತರಿಸಿದೆ. ಗುಲಾಮಗಿರಿಯ ಇತಿಹಾಸವನ್ನು ಓದುವುದರಲ್ಲಿ, ಕಲಿಸುವುದರಲ್ಲಿ ಆಯುಷ್ಯದ ದೊಡ್ಡ ಭಾಗವನ್ನು ಕಳೆದವರಿಗೆ, ಒಂದು ಸಿನಿಮಾ ಹಾಡನ್ನು ಉಳಿಸಿಕೊಳ್ಳುವ ಸಲುವಾಗಿ ಆ ಮಾತನ್ನು ಬರೆದೆ. ಹಾಗೇಕೆ ಬರೆದೆನೆಂದು ಆಮೇಲೆ ಬಹಳ ಯೋಚಿಸಿದ್ದೇನೆ. ಹಾಡು ನನಗೆ ಹಿಡಿಸಿತ್ತು. ಹಾಡು ಹಿಡಿಸಿದ್ದರಿಂದ ಚಿತ್ರ ಒಳ್ಳೆಯದೆಂದು ಸಾಧಿಸಬೇಕೆನಿಸಿತು. ಚಿತ್ರ ಒಳ್ಳೆಯದಾಗಬೇಕಾದರೆ ನಾಯಕ ಒಳ್ಳೆಯವನಾಗಿರಬೇಕೆಂದುಕೊಂಡೆ. ನಾಯಕ ಒಳ್ಳೆಯವನಾಗಬೇಕಾದರೆ ಅವನು ಮಾಡಿದ ಕ್ರೌರ್ಯಕ್ಕೆ ನಾನೊಂದು ನೆಪ ಹುಡುಕಲೇಬೇಕಾಯಿತು. ಈ ಸರಪಳಿಯ ಯಾವ ಕೊಂಡಿಯನ್ನೂ ಬೇರೆ ಯಾರೂ ನನ್ನ ಕೈಗೆ ಕೊಟ್ಟಿರಲಿಲ್ಲ. ಬಾರ್ನಮ್ ಸಜ್ಜನನಾಗಿದ್ದನೇ ಎಂಬುದಕ್ಕೂ ಆ ಹಾಡು ಕಾಲವನ್ನು ಮಡಚಿದ ಬಗೆಗೂ ಯಾವ ಸಂಬಂಧವೂ ಇಲ್ಲ. ಎರಡನ್ನೂ ಗಂಟುಹಾಕಿದ್ದು ನಾನೇ. ಗಂಟನ್ನು ಅವರು ಬಿಡಿಸಿ ತೋರಿಸಿದಾಗ, ನನ್ನ ಸಂತೋಷವನ್ನೇ ಕಸಿಯಲು ಬಂದಿದ್ದಾರೆಂದು ಸಿಡಿದೆ. ಆಮೇಲೆ ಅವರು ಬಳಗಕ್ಕೆ ಬರೆಯುವುದನ್ನೇ ನಿಲ್ಲಿಸಿದರು. ಕ್ಷಮೆ ಕೇಳಿದೆ, ಸೌಜನ್ಯದಿಂದಲೇ ಉತ್ತರಿಸಿದರು. ಆ ಸೌಜನ್ಯದಲ್ಲಿ ಹಿಂದಿನ ಸಲುಗೆ ಇರಲಿಲ್ಲ.

ಇದೆಲ್ಲ ನಡೆದ ಮೇಲೆ ಚಿತ್ರವನ್ನು ಮತ್ತೆ ನೋಡಿದಾಗಲಷ್ಟೇ ನನಗೆ ಕಂಡದ್ದೊಂದಿದೆ. ಎಲ್ಲರೂ ಮೆಚ್ಚುವ, ಗೋಲ್ಡನ್ ಗ್ಲೋಬ್ ಗೆದ್ದು ಆಸ್ಕರ್‌ಗೂ ನಾಮನಿರ್ದೇಶನಗೊಂಡ ‘ದಿಸ್ ಈಸ್ ಮಿ’ ಹಾಡು ಹುಟ್ಟುವುದು ಯಾವ ಸನ್ನಿವೇಶದಲ್ಲಿ ಎಂಬುದನ್ನು ನೆನಪಿಸಿಕೊಳ್ಳಿ. ಗಾಯಕಿ ಜೆನ್ನಿ ಲಿಂಡ್‌ಳ ಕಛೇರಿಯ ನಂತರ ಗಣ್ಯರ ಕೂಟ ನಡೆದಿದೆ, ಸರ್ಕಸ್ಸಿನ ಕಲಾವಿದರು ಒಳಗೆ ಬರಲು ನೋಡುತ್ತಾರೆ, ಅವರ ಮುಖದ ಮೇಲೆ ಬಾಗಿಲು ಮುಚ್ಚುವವನು ಸ್ವತಃ ಬಾರ್ನಮ್. ಗಡ್ಡವಿರುವ ಹೆಂಗಸಿನ ಪಾತ್ರದಲ್ಲಿ ಕಿಯಾಲಾ ಸೆಟಲ್ ಆಗ ಹಾಡುತ್ತಾರೆ. ಎಂದರೆ ಚಿತ್ರದ ಅತ್ಯುತ್ತಮ ಹಾಡು ಚಿತ್ರದ ನಾಯಕನ ವಿರುದ್ಧವೇ ಇದೆ. ಅದನ್ನು ಪ್ರೀತಿಸಲು ಬಾರ್ನಮ್‌ನನ್ನು ಮನ್ನಿಸಬೇಕಾಗಿಲ್ಲ. ಅವನ ಮೇಲೆ ಕೋಪವಿದ್ದಾಗ ಅದು ಇನ್ನೂ ಚೆನ್ನಾಗಿ ಕೇಳಿಸುತ್ತದೆ. ಚಿತ್ರಕಥೆ ಆ ಕೋಪವನ್ನು ಬಹಳ ಬೇಗ ಮರೆತು ಎಲ್ಲರನ್ನೂ ಒಟ್ಟಿಗೆ ಕುಣಿಸಿಬಿಡುತ್ತದೆ ಎಂಬುದು ನಿಜ, ಮತ್ತು ವಿಮರ್ಶಕರು ಹೇಳಿದ್ದೂ ಸುಮಾರಾಗಿ ಅದನ್ನೇ.

ಈಗ ನಿಮ್ಮ ಪ್ರಶ್ನೆಯ ವಿವರಣೆಗೆ ಬರುತ್ತೇನೆ. ಚಿತ್ರ ಗಳಿಸಿದ ಹಣವನ್ನು ನೀವು ಸಾಕ್ಷಿಯಾಗಿ ಮುಂದಿಟ್ಟಿದ್ದೀರಿ. ಅಂಕಿಗಳು ರೋಚಕವಾಗಿವೆ, ಒಪ್ಪುತ್ತೇನೆ. ಅಮೆರಿಕದಲ್ಲಿ ಮೊದಲ ವಾರಾಂತ್ಯದಲ್ಲಿ ಸುಮಾರು 88 ಲಕ್ಷ ಡಾಲರ್ ಮಾತ್ರ ಗಳಿಸಿದ ಚಿತ್ರ, ಎರಡನೆಯ ವಾರಾಂತ್ಯದಲ್ಲಿ ಕುಸಿಯುವ ಬದಲು ಸುಮಾರು 1 ಕೋಟಿ 55 ಲಕ್ಷಕ್ಕೆ ಏರಿತು; ಕೊನೆಗೆ ಜಗತ್ತಿನಾದ್ಯಂತ 43 ಕೋಟಿ ಡಾಲರ್‌ಗೂ ಹೆಚ್ಚು ಬಂತು. ಅದರ ಹಾಡುಗಳ ಆಲ್ಬಮ್ 2018ರಲ್ಲಿ ಇಡೀ ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾಯಿತು. ಆದರೆ ಆ ಮೊದಲ ಭಾನುವಾರ ಕ್ರಿಸ್‌ಮಸ್‌ನ ಮುನ್ನಾದಿನವಾಗಿತ್ತು, ಚಿತ್ರಮಂದಿರಗಳು ಹೇಗೂ ಖಾಲಿಯಿರುವ ದಿನ; ಮುಂದಿನ ವಾರ ರಜೆಯ ವಾರ. ಏರಿಕೆಯ ಒಂದು ಪಾಲು ಪಂಚಾಂಗಕ್ಕೆ ಸೇರಿದ್ದು. ಆಮೇಲೂ ವಾರಗಟ್ಟಲೆ ಜನ ಬಂದದ್ದು ಹಾಡುಗಳ ಸೆಳೆತದಿಂದಲೇ ಇರಬೇಕು, ಆದರೆ ಅದರಿಂದ ಕಥೆಯೇನೂ ದಪ್ಪವಾಗುವುದಿಲ್ಲ.

1965ರ ‘ದಿ ಸೌಂಡ್ ಆಫ್ ಮ್ಯೂಸಿಕ್’ ಚಿತ್ರವನ್ನೂ ಪಾಲಿನ್ ಕೇಲ್ ಅಂಥ ವಿಮರ್ಶಕರು ಬೈದಿದ್ದರು, ಅದು ಐದು ಆಸ್ಕರ್ ಗೆಲ್ಲಲಿಲ್ಲವೇ ಎಂದು ಕೇಳುವ ಆಸೆಯೂ ನಿಮಗಾಗಬಹುದು. ನಾನೂ ಕೇಳಿದ್ದೆ. 2019ರ ‘ಕ್ಯಾಟ್ಸ್’ ಚಿತ್ರವನ್ನೂ ವಿಮರ್ಶಕರು ಬೈದರು, ಜನರೂ ಕೈಬಿಟ್ಟರು. ಬೈಗುಳ ತಿಂದ ಮಾತ್ರಕ್ಕೆ ಯಾವ ಚಿತ್ರವೂ ದೊಡ್ಡದಾಗುವುದಿಲ್ಲ.

ನಿಜವಾಗಿ ನನ್ನ ತಕರಾರು ಇರುವುದು ವಿಮರ್ಶಕರು ಒಂದು ಕಡೆ, ಪ್ರೇಕ್ಷಕರು ಇನ್ನೊಂದು ಕಡೆ ಎಂದು ನೀವು ಎಳೆದಿರುವ ಗೆರೆಯ ಬಗ್ಗೆ. ಈ ಗೆರೆಯನ್ನು ಚಿತ್ರವೇ ನಿಮಗೆ ಕಲಿಸಿಕೊಟ್ಟಿದೆ. ‘ನ್ಯೂಯಾರ್ಕ್ ಹೆರಾಲ್ಡ್’ ಪತ್ರಿಕೆಯನ್ನು ಸ್ಥಾಪಿಸಿದ ಜೇಮ್ಸ್ ಗಾರ್ಡನ್ ಬೆನೆಟ್‌ರನ್ನು ಅದರಲ್ಲಿ ನಗುವುದನ್ನೇ ಮರೆತ ವಿಮರ್ಶಕನನ್ನಾಗಿ ಮಾಡಿ, ಕೊನೆಗೆ ಅವರನ್ನು ಮೆತ್ತಗಾಗಿಸಲಾಗಿದೆ. ಮೊದಲು ನೋಡಿದಾಗ ನನಗೆ ಅದು ಭಾರಿ ಖುಷಿ ಕೊಟ್ಟಿತ್ತು. ಈಗ ಇಡೀ ಚಿತ್ರದಲ್ಲಿ ಅತ್ಯಂತ ಅಗ್ಗದ ಉಪಾಯ ಅದೇ ಎನಿಸುತ್ತದೆ: ಆಕ್ಷೇಪಿಸುವವರಿಗೆಲ್ಲ ಸಂತೋಷಪಡುವ ಶಕ್ತಿಯೇ ಇಲ್ಲವೆಂದು ಮೊದಲೇ ಹೇಳಿಟ್ಟುಬಿಡುವುದು. ಆದರೆ ಆಕ್ಷೇಪಿಸಿದ ನನ್ನ ಅಧ್ಯಾಪಕ ಗೆಳೆಯರು ‘ರೀರೈಟ್ ದಿ ಸ್ಟಾರ್ಸ್’ ಹಾಡಿನಲ್ಲಿ ಜೆಂಡೇಯಾ ಮತ್ತು ಜ್ಯಾಕ್ ಎಫ್ರಾನ್ ಹಗ್ಗ ಹಿಡಿದು ಗಾಳಿಯಲ್ಲಿ ತೇಲುವುದನ್ನು ಮನಸಾರೆ ಮೆಚ್ಚಿದವರು.

ಹಾಗಾಗಿ ಕಥೆ ತೆಳುವೆಂದು ಯಾರಾದರೂ ಹೇಳಿದರೆ ಹೌದೆನ್ನಿ. ನಿಜವಾದ ಜೆನ್ನಿ ಲಿಂಡ್ 1850ರಲ್ಲಿ ಆರಂಭವಾದ ತನ್ನ ಅಮೆರಿಕ ಪ್ರವಾಸದ ಸಂಪಾದನೆಯ ಬಹುಭಾಗವನ್ನು ದಾನಕ್ಕೆ ಕೊಟ್ಟವಳು, ಚಿತ್ರದಲ್ಲಿ ಅವಳನ್ನು ಪ್ರೇಮ ಪ್ರಕರಣವೊಂದಕ್ಕೆ ಎಳೆದದ್ದು ಅನ್ಯಾಯ ಎಂದರೆ ಅದಕ್ಕೂ ಹೌದೆನ್ನಿ. (ಚಿತ್ರದಲ್ಲಿ ಅವಳ ಹಾಡು ಆ ಪಾತ್ರ ಮಾಡಿದ ರೆಬೆಕಾ ಫರ್ಗ್ಯುಸನ್ ಅವರ ಕಂಠದಲ್ಲಿಲ್ಲ, ಗಾಯಕಿ ಲೋರೆನ್ ಆಲ್ರೆಡ್ ಅವರದು, ಪ್ರಸಿದ್ಧ ವಂಚಕನೊಬ್ಬನ ಕಥೆಯಲ್ಲಿ ಎರವಲು ಧ್ವನಿ ಇರುವುದನ್ನು ನಾನಂತೂ ದೋಷವೆನ್ನಲಾರೆ.) ಆಮೇಲೂ ಅವರಿಗೆ ಕುತೂಹಲ ಉಳಿದಿದ್ದರೆ ಒಂದೇ ಒಂದು ಹಾಡನ್ನು ತೋರಿಸಿ, ಅದು ‘ದಿ ಅದರ್ ಸೈಡ್’ ಆಗಿರಲಿ. ಜಾಕ್‌ಮನ್ ಮತ್ತು ಎಫ್ರಾನ್ ಮದ್ಯದಂಗಡಿಯಲ್ಲಿ ಕುಳಿತು ಪಾಲುದಾರಿಕೆಗಾಗಿ ಚೌಕಾಸಿ ಮಾಡುತ್ತಾರೆ, ಗ್ಲಾಸುಗಳೂ ಕುರ್ಚಿಗಳೂ ಮದ್ಯ ಸುರಿಯುವವನೂ ತಾಳಕ್ಕೆ ಸೇರುತ್ತವೆ. ಅಲ್ಲಿ ಬಾರ್ನಮ್ ಸಂತನಲ್ಲ, ವ್ಯಾಪಾರ ಕುದುರಿಸಲು ಬಂದ ಮಾತುಗಾರ. ಅವನನ್ನು ನಂಬಬೇಕೆಂದು ಆ ಹಾಡು ಯಾರನ್ನೂ ಕೇಳುವುದಿಲ್ಲ.