32ನೆಯ ದರ್ಜೆ 3ನೆಯ ದರ್ಜೆಗಿಂತ ಮೇಲಿನದೇ?

ಪ್ರಶ್ನೆ: ನನ್ನ ಮಗ ಅಮೆರಿಕದ ಒಹಾಯೊ ರಾಜ್ಯದಲ್ಲಿ ಉದ್ಯೋಗದಲ್ಲಿದ್ದು, ಫ್ರೀಮೇಸನ್ ಎಂಬ ಸೋದರ ಸಂಘದ ಅಲ್ಲಿನ ಲಾಡ್ಜ್ (ಸ್ಥಳೀಯ ಘಟಕ) ಸೇರುವ ಯೋಚನೆಯಲ್ಲಿದ್ದಾನೆ. ಅವನ ಸಹೋದ್ಯೋಗಿಯೊಬ್ಬರು ಮೇಸನ್. ಅಷ್ಟೇ ಅಲ್ಲದೆ ಸ್ಕಾಟಿಷ್ ರೈಟ್‌ನ 32ನೆಯ ದರ್ಜೆಯವರು, ಶ್ರೈನರ್ ಕೂಡ ಹೌದು. ಅವರ ಪತ್ನಿ ಈಸ್ಟರ್ನ್ ಸ್ಟಾರ್‌ನ ಸದಸ್ಯೆ. ಇವೆಲ್ಲ ಒಂದೇ ಸಂಘವೇ? ಇವುಗಳ ಮೇಲೆ ಅಧಿಕಾರ ಯಾರದು? ಮಗ ಬೆಂಗಳೂರಿಗೆ ಮರಳಿದರೆ ಅಲ್ಲಿನ ಸದಸ್ಯತ್ವ ಇಲ್ಲಿ ನಡೆಯುತ್ತದೆಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ಇವು ಒಂದೇ ಸಂಘವಲ್ಲ, ಹಾಗೆಂದು ಪರಸ್ಪರ ಸಂಬಂಧವಿಲ್ಲದವೂ ಅಲ್ಲ. ಎಲ್ಲದಕ್ಕೂ ಬುಡ ಸ್ಥಳೀಯ ಲಾಡ್ಜ್. ಅಲ್ಲಿ ಎಂಟರ್ಡ್ ಅಪ್ರೆಂಟಿಸ್, ಫೆಲೊಕ್ರಾಫ್ಟ್, ಮಾಸ್ಟರ್ ಮೇಸನ್ ಎಂಬ ಮೂರು ದರ್ಜೆಗಳಿವೆ. ವರ್ಷಕ್ಕೊಮ್ಮೆ ಸದಸ್ಯರೇ ಆರಿಸುವ ‘ವರ್ಷಿಪ್‌ಫುಲ್ ಮಾಸ್ಟರ್’ ಮತ್ತು ಅವರ ನಂತರದ ಇಬ್ಬರು ವಾರ್ಡನ್‌ಗಳು ಲಾಡ್ಜನ್ನು ನಡೆಸುತ್ತಾರೆ. ಲಾಡ್ಜ್‌ಗೆ ಸನ್ನದು ಕೊಡುವುದೂ, ತಪ್ಪಿದರೆ ಅದನ್ನು ಹಿಂಪಡೆಯುವುದೂ ಆ ಪ್ರದೇಶದ ಲಾಡ್ಜ್‌ಗಳ ಮೇಲಾಡಳಿತವಾದ ಗ್ರ್ಯಾಂಡ್ ಲಾಡ್ಜ್‌ನ ಅಧಿಕಾರ. ಗ್ರ್ಯಾಂಡ್ ಲಾಡ್ಜ್‌ನ ಮೇಲೆ ಇನ್ನಾರೂ ಇಲ್ಲ. ಜಗತ್ತನ್ನೆಲ್ಲ ಆಳುವ ಗುಪ್ತ ಕೇಂದ್ರ ಕಚೇರಿಯೊಂದಿದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಓದಿದವರಿಗೆ ಇದು ನಿರಾಸೆ ತರಬಹುದು. ವಾಸ್ತವದಲ್ಲಿ ಅಮೆರಿಕದಂಥ ಒಂದೇ ದೇಶದಲ್ಲಿಯೂ ರಾಷ್ಟ್ರಮಟ್ಟದ ಗ್ರ್ಯಾಂಡ್ ಲಾಡ್ಜ್ ಇಲ್ಲ. ಸ್ವಾತಂತ್ರ್ಯ ಸಮರದ ಕಾಲದಲ್ಲಿ ಅಂಥದೊಂದನ್ನು ಕಟ್ಟಿ ಜಾರ್ಜ್ ವಾಷಿಂಗ್ಟನ್ ಅವರನ್ನು ಅದರ ಮುಖ್ಯಸ್ಥರನ್ನಾಗಿಸುವ ಪ್ರಸ್ತಾಪ ಬಂದಿತ್ತಾದರೂ ಅದು ಕೈಗೂಡಲಿಲ್ಲ. ಹೀಗಾಗಿ ಅಲ್ಲಿ ರಾಜ್ಯಕ್ಕೊಂದರಂತೆ, ರಾಜಧಾನಿ ವಾಷಿಂಗ್ಟನ್‌ನದನ್ನೂ ಸೇರಿಸಿ, ಮುಖ್ಯವಾಹಿನಿಯ 51 ಸ್ವತಂತ್ರ ಗ್ರ್ಯಾಂಡ್ ಲಾಡ್ಜ್‌ಗಳಿವೆ.

ಇವುಗಳ ನಡುವಿನ ಸಂಬಂಧ ನಿಂತಿರುವುದು ಪರಸ್ಪರ ಮಾನ್ಯತೆಯ ಮೇಲೆ, ಮತ್ತು ಆ ಮಾನ್ಯತೆ ಯಾವಾಗಲೂ ನ್ಯಾಯವಾಗಿಯೇ ಸಿಕ್ಕಿದೆ ಎನ್ನಲಾಗದು. ಬಾಸ್ಟನ್ನಿನ ಕಪ್ಪುವರ್ಣೀಯ ಮುಖಂಡ ಪ್ರಿನ್ಸ್ ಹಾಲ್ 1784ರಲ್ಲಿ ಇಂಗ್ಲೆಂಡಿನಿಂದಲೇ ಸನ್ನದು ಪಡೆದರು. ಆದರೂ ಅವರ ಹೆಸರಿನಲ್ಲಿ ಬೆಳೆದ ಗ್ರ್ಯಾಂಡ್ ಲಾಡ್ಜ್‌ಗಳನ್ನು ಬಿಳಿಯರ ಗ್ರ್ಯಾಂಡ್ ಲಾಡ್ಜ್‌ಗಳು ಸುಮಾರು ಎರಡು ಶತಮಾನ ದೂರವಿಟ್ಟವು. ಇಂದಿನ ಮಾನ್ಯತೆಯ ಸರಣಿಗೆ ದಾರಿ ತೆರೆದದ್ದು 1989ರಲ್ಲಿ ಕನೆಕ್ಟಿಕಟ್. ಈ ಎರಡು ಪರಂಪರೆಗಳು ಇಂದಿಗೂ ಬೇರೆ ಬೇರೆಯಾಗಿಯೇ ನಡೆಯುತ್ತಿವೆ.

ಇನ್ನು 32ನೆಯ ದರ್ಜೆಯ ಮಾತು. ಮೇಸನ್ ವ್ಯವಸ್ಥೆಯಲ್ಲಿ ಮೂರನೆಯ ದರ್ಜೆಯೇ ಕೊನೆಯದು. (ಇಂಗ್ಲೆಂಡಿನವರು 1813ರ ಒಪ್ಪಂದದಲ್ಲಿ ‘ರಾಯಲ್ ಆರ್ಚ್’ ಎಂಬ ಮತ್ತೊಂದು ದರ್ಜೆಯನ್ನೂ ಈ ಮೂರರೊಳಗೇ ಸೇರಿಸಿಕೊಂಡು ಲೆಕ್ಕವನ್ನು ಸ್ವಲ್ಪ ಗೊಂದಲಗೊಳಿಸಿದ್ದಾರೆ, ಒಹಾಯೊದಲ್ಲಿ ಅದು ಸ್ಕಾಟಿಷ್ ರೈಟ್‌ನಂತೆಯೇ ಐಚ್ಛಿಕವಾದ ಮತ್ತೊಂದು ದರ್ಜೆಸರಣಿ ಯಾರ್ಕ್ ರೈಟ್‌ನ ಭಾಗ.) ಮಾಸ್ಟರ್ ಮೇಸನ್ ಆದವರು ಬಯಸಿದರೆ ಸ್ಕಾಟಿಷ್ ರೈಟ್‌ನಲ್ಲಿ 4ರಿಂದ 32ರವರೆಗಿನ ದರ್ಜೆಗಳನ್ನು ಪಡೆಯಬಹುದು, 33ನೆಯದು ಗೌರವಾರ್ಥವಾಗಿ ಕೊಡುವಂಥದು. ಬಿ.ಎ. ಮುಗಿಸಿದವರು ಸಂಗೀತದ ವಿದ್ವತ್ ಪರೀಕ್ಷೆಗೂ ಕೂತಂತೆ ಇದು: ವಿದ್ವತ್ತು ಬಂದೀತು, ಆದರೆ ಅದರಿಂದ ವಿಶ್ವವಿದ್ಯಾಲಯದಲ್ಲಿ ಅಧಿಕಾರ ಬರುವುದಿಲ್ಲ. ಲಾಡ್ಜ್‌ನೊಳಗೆ ನಿಮ್ಮ ಮಗನ ಸಹೋದ್ಯೋಗಿಗೂ ನಿನ್ನೆ ಮೂರನೆಯ ದರ್ಜೆ ಪಡೆದವರಿಗೂ ಮತದಾನದ ಹಕ್ಕು ಒಂದೇ.

ಅವಲಂಬನೆ ಇರುವುದು ಒಂದೇ ದಿಕ್ಕಿನಲ್ಲಿ. ಸ್ಕಾಟಿಷ್ ರೈಟ್‌ಗೆ ತನ್ನದೇ ‘ಸುಪ್ರೀಂ ಕೌನ್ಸಿಲ್’, ನಿಯಮ, ಶುಲ್ಕ ಎಲ್ಲವೂ ಇವೆ. ಆದರೆ ಶುಲ್ಕ ಕಟ್ಟದೆಯೋ ಶಿಸ್ತುಕ್ರಮದಿಂದಲೋ ಲಾಡ್ಜ್‌ನ ಸದಸ್ಯತ್ವ ಕಳೆದುಕೊಂಡವರು ಅಲ್ಲಿಯೂ ಉಳಿಯುವಂತಿಲ್ಲ. ಅಲ್ಲಿಂದ ಹೊರಬಂದವರ ಲಾಡ್ಜ್ ಸದಸ್ಯತ್ವಕ್ಕೆ ಮಾತ್ರ ಅಷ್ಟರಿಂದಲೇ ಧಕ್ಕೆಯಿಲ್ಲ. ಶ್ರೈನರ್‌ಗಳ ಸ್ಥಿತಿಯೂ ಇದೇ. 1870ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ವಿನೋದಕ್ಕೆಂದು ಹುಟ್ಟಿದ, ಕೆಂಪು ಫೆಜ್ ಟೋಪಿಯ ಈ ಸಂಘ 1922ರಲ್ಲಿ ಪೋಲಿಯೊ ಪೀಡಿತ ಮಕ್ಕಳಿಗಾಗಿ ಶ್ರೀವ್‌ಪೋರ್ಟ್‌ನಲ್ಲಿ ಆಸ್ಪತ್ರೆ ತೆರೆಯಿತು. ಈಗ ಅದರ ಹೆಸರು ಉಳಿದಿರುವುದೇ ಮಕ್ಕಳ ಆಸ್ಪತ್ರೆಗಳಿಂದ. 2000ದವರೆಗೆ ಸ್ಕಾಟಿಷ್ ಅಥವಾ ಯಾರ್ಕ್ ರೈಟ್ ಮುಗಿಸಿದವರಿಗಷ್ಟೇ ಇಲ್ಲಿ ಪ್ರವೇಶವಿತ್ತು. ಈಗ ಮಾಸ್ಟರ್ ಮೇಸನ್ ಆಗಿದ್ದರೆ ಸಾಕು.

ಈಸ್ಟರ್ನ್ ಸ್ಟಾರ್ ಮೇಸನ್ನರ ಬಂಧು ಮಹಿಳೆಯರೂ ಮಾಸ್ಟರ್ ಮೇಸನ್ನರೂ ಒಟ್ಟಿಗೆ ಸೇರುವ ಸಂಸ್ಥೆ. ಅಲ್ಲಿ ಪೀಠವೇರುವವರು ‘ವರ್ದಿ ಮೇಟ್ರನ್’ ಎಂಬ ಮಹಿಳೆ. ಹುಡುಗರಿಗೆ 1919ರಲ್ಲಿ ಆರಂಭವಾದ ಡಿಮೊಲೆ, ಹುಡುಗಿಯರಿಗೆ ರೇನ್‌ಬೋ ಮತ್ತು ಜಾಬ್ಸ್ ಡಾಟರ್ಸ್ ಇವೆ.

ನಿಮ್ಮ ಮಗ ತಿಳಿದಿರಬೇಕಾದ ಮತ್ತೊಂದು ವಿಷಯವಿದೆ. ಲಾಡ್ಜ್ ಕೇಳುವುದು ಪರಮಾತ್ಮನಲ್ಲಿ ನಂಬಿಕೆಯನ್ನು, ನಿರ್ದಿಷ್ಟ ಮತವನ್ನಲ್ಲ. ಹಿಂದೂಗಳು ಭಗವದ್ಗೀತೆಯ ಮೇಲೆ ಪ್ರಮಾಣ ಸ್ವೀಕರಿಸುವುದು ಭಾರತದ ಲಾಡ್ಜ್‌ಗಳಲ್ಲಿ ರೂಢಿಯೇ ಆಗಿದೆ. ಆದರೆ ಯಾರ್ಕ್ ರೈಟ್‌ನ ಕೊನೆಯ ಘಟ್ಟವಾದ ‘ನೈಟ್ಸ್ ಟೆಂಪ್ಲರ್’ ಕ್ರೈಸ್ತ ನಂಬಿಕೆಯನ್ನು ಕೇಳುತ್ತದೆ. ಅರ್ಜಿ ಬರೆಯುವ ಮೊದಲೇ ಇದನ್ನು ವಿಚಾರಿಸಿಕೊಳ್ಳುವುದು ಒಳಿತು.

ಭಾರತದಲ್ಲಿ 1961ರ ನವೆಂಬರ್ 24ರಂದು ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಸ್ಥಾಪನೆಯಾಯಿತು. ಅದುವರೆಗೆ ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್‌ಗಳ ಅಧೀನದಲ್ಲಿದ್ದ ಲಾಡ್ಜ್‌ಗಳಲ್ಲಿ ಹೆಚ್ಚಿನವು ಅದನ್ನು ಸೇರಿದವು. ಕೆಲವು ಹಳೆಯ ಅಧೀನದಲ್ಲೇ ಉಳಿದವು. ದೇಶವನ್ನು ನಾಲ್ಕು ಪ್ರಾದೇಶಿಕ ವಿಭಾಗಗಳಾಗಿ ಹಂಚಲಾಗಿದ್ದು, ಕರ್ನಾಟಕವು ಚೆನ್ನೈ ಕೇಂದ್ರದ ದಕ್ಷಿಣ ವಿಭಾಗಕ್ಕೆ ಸೇರುತ್ತದೆ. ಒಹಾಯೊದ ಸದಸ್ಯತ್ವ ತಾನಾಗಿ ಇಲ್ಲಿಗೆ ವರ್ಗವಾಗುವುದಿಲ್ಲ. ಮಗ ಅಲ್ಲಿನ ಲಾಡ್ಜ್‌ನಿಂದ ಬಾಕಿಯಿಲ್ಲವೆಂಬ ಪ್ರಮಾಣಪತ್ರ ತಂದು, ಬೆಂಗಳೂರಿನಲ್ಲಿ ತಾನು ಆರಿಸಿಕೊಂಡ ಲಾಡ್ಜ್‌ಗೆ ಹೊಸದಾಗಿ ಅರ್ಜಿ ಸಲ್ಲಿಸಬೇಕು. ಅಲ್ಲಿನ ಸದಸ್ಯರು ಮತ ಹಾಕಿ ಒಪ್ಪಿದರೆ, ಪಡೆದ ಮೂರು ದರ್ಜೆಗಳನ್ನು ಮತ್ತೆ ಪಡೆಯಬೇಕಾಗಿಲ್ಲ.